ಲೇಡಿ ಬ್ರ್ಯಾಕ್‌ನೆಲ್ ಅರಸೀಕೆರೆಯವಳೇ

ಇಂಗ್ಲಿಷರ ನಗೆನಾಟಕಗಳು, ಅದರಲ್ಲೂ ಗಂಡು-ಹೆಣ್ಣಿನ ಒಲವು ಮತ್ತು ಮದುವೆಯ ಮಾತುಕತೆಯ ಸುತ್ತ ಹೆಣೆದವು, ನಮ್ಮ ಊರುಗಳಿಗೆ ಒಗ್ಗುವುದಿಲ್ಲ ಎಂಬ ಅಭಿಪ್ರಾಯ ಕನ್ನಡ ರಂಗಭೂಮಿಯಲ್ಲಿ ಬಹುಕಾಲದಿಂದ ಬೇರೂರಿದೆ. ಶೇಕ್ಸ್‌ಪಿಯರ್‌ನ ದುರಂತಗಳಿಗೆ ಈ ಅಡ್ಡಿ ಬರಲಿಲ್ಲ. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್‌ನನ್ನು ‘ಪ್ರತಾಪರುದ್ರದೇವ’ ಮಾಡಿದರು, ಕುವೆಂಪು ಹ್ಯಾಮ್ಲೆಟ್‌ನಿಂದ ‘ರಕ್ತಾಕ್ಷಿ’ಯನ್ನು ಕಡೆದರು, ನಾವು ಮೆಚ್ಚಿದೆವು. ಕೊಲೆ, ಹುಚ್ಚು, ಸಿಂಹಾಸನ ಎಲ್ಲರವು; ಚಹಾದ ಮೇಜಿನ ಸುತ್ತ ಕುಳಿತು ಆಡುವ ಮದುವೆಯ ಮಾತು ಮಾತ್ರ ಲಂಡನ್ನಿನದು ಎಂದು ತೀರ್ಮಾನಿಸಿಬಿಟ್ಟೆವು. ಗೋಲ್ಡ್‌ಸ್ಮಿತ್, ಶೆರಿಡನ್, ವೈಲ್ಡ್ ಇವರೆಲ್ಲ ಇಂಗ್ಲಿಷ್ ಎಂ.ಎ. ತರಗತಿಯ ಪಠ್ಯವಾಗಿ ಉಳಿದರು. ಬೆಂಗಳೂರಿನ ಇಂಗ್ಲಿಷ್ ತಂಡಗಳು ಆಗೊಮ್ಮೆ ಈಗೊಮ್ಮೆ ಆಡಿದರೆ ಆಡಿದವು.

ಈ ತೀರ್ಮಾನ ತಪ್ಪು. ಅದು ಎಷ್ಟು ತಪ್ಪೆಂದು ಕಾಣಬೇಕಾದರೆ ಹಾಸನ ಜಿಲ್ಲೆಯ ಉತ್ತರ ಭಾಗದ ಮೂರು ಊರುಗಳನ್ನು, ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನು, ಮತ್ತು ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕವನ್ನು ಒಟ್ಟಿಗಿಟ್ಟು ನೋಡಬೇಕು. ಆ ಸೀಮೆಯಲ್ಲಿ ಇವತ್ತು ಮದುವೆಗಳು ಕುದುರುವ, ಮುರಿಯುವ ರೀತಿಯನ್ನು ಇಷ್ಟು ನಿಖರವಾಗಿ ಹಿಡಿದ ನಾಟಕ ಇನ್ನೊಂದನ್ನು ನಾನು ಕಂಡಿಲ್ಲ.

ವಿರೋಧಿಸುವವರ ಮಾತನ್ನು ಮೊದಲು ನ್ಯಾಯವಾಗಿ ಇಡೋಣ. ನಮ್ಮಲ್ಲಿ ಗಂಡು ಹೆಣ್ಣು ಪರಸ್ಪರ ಒಲಿಸಿಕೊಳ್ಳುವ ಸಂಪ್ರದಾಯವೇ ಇಲ್ಲ, ಹಿರಿಯರು ನೋಡಿ ಒಪ್ಪಿ ಮಾಡುವ ಮದುವೆಗಳಿವೆ, ಹಾಗಿರುವಾಗ ಪ್ರಣಯದ ನಾಟಕ ಯಾರಿಗೆ ಎನ್ನುತ್ತಾರೆ. ಅದು ಕೆಲಸವಿಲ್ಲದ ಶ್ರೀಮಂತರ ಮಾತಿನ ಚಮತ್ಕಾರ, ಒಳಗೆ ಹುರುಳಿಲ್ಲ ಎನ್ನುತ್ತಾರೆ. ಮದುವೆಯ ಹೆಸರಿನಲ್ಲಿ ಹೆಣ್ಣುಮಕ್ಕಳು ಸಾಯುತ್ತಿರುವ ನಾಡಿನಲ್ಲಿ ಮದುವೆಯನ್ನು ನಗೆಗೆ ಈಡುಮಾಡುವುದು ಹೊಣೆಗೇಡಿತನ ಎಂದೂ ಹೇಳುತ್ತಾರೆ. ಕೊನೆಯ ಆಕ್ಷೇಪಕ್ಕೆ ತೂಕವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲೆರಡನ್ನು ಹೇಳುವವರು ನಾಟಕವನ್ನು ಗಮನವಿಟ್ಟು ಓದಿಲ್ಲ.

1895ರ ಫೆಬ್ರವರಿ 14ರಂದು ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ಕಂಡ ಈ ನಾಟಕದಲ್ಲಿ ಪ್ರಣಯಕ್ಕೆ ಸಿಕ್ಕಿರುವ ಜಾಗ ಬಹಳ ಚಿಕ್ಕದು. ಜ್ಯಾಕ್ ವರ್ದಿಂಗ್ ಗ್ವೆಂಡೊಲೆನ್‌ಳನ್ನು ಮದುವೆಯಾಗು ಎಂದು ಕೇಳುತ್ತಾನೆ, ಅವಳು ಒಪ್ಪುತ್ತಾಳೆ. ಒಲವಿನ ವಿಷಯ ಅಲ್ಲಿಗೆ ಮುಗಿಯಿತು. ಆಗ ಒಳಗೆ ಬರುವವಳು ಹುಡುಗಿಯ ತಾಯಿ ಲೇಡಿ ಬ್ರ್ಯಾಕ್‌ನೆಲ್. ಅಲ್ಲಿಂದ ಮುಂದೆ ಇಡೀ ನಾಟಕ ನಡೆಯುವುದು ಸಂಬಂಧ ಕುದುರಿಸುವ ಲೆಕ್ಕಾಚಾರದ ಮೇಲೆ. ಮಗಳಿಗೆ ಗಂಡು ಯಾರೆಂದು ತಂದೆ ತಾಯಿ ತಿಳಿಸುತ್ತೇವೆ, ಅದು ನಿನ್ನ ಕೆಲಸವಲ್ಲ ಎಂದು ಆಕೆ ಮಗಳನ್ನು ಗಾಡಿಗೆ ಕಳಿಸುತ್ತಾಳೆ. ಆಮೇಲೆ ಪುಸ್ತಕ, ಪೆನ್ಸಿಲ್ ತೆಗೆದು ಹುಡುಗನನ್ನು ಪರೀಕ್ಷಿಸಲು ಕೂರುತ್ತಾಳೆ. ಅರ್ಹ ಹುಡುಗರ ಪಟ್ಟಿಯೊಂದು ಅವಳ ಬಳಿ ಇದೆ. ಇನ್ನೊಬ್ಬ ದೊಡ್ಡ ಮನೆಯ ಹೆಂಗಸಿನ ಬಳಿಯಿರುವುದೂ ಅದೇ ಪಟ್ಟಿ. ವಯಸ್ಸು, ವರಮಾನ, ಭೂಮಿ, ಪಟ್ಟಣದ ಮನೆ, ಆ ಮನೆ ಬೀದಿಯ ಯಾವ ಮಗ್ಗುಲಲ್ಲಿದೆ, ಯಾವ ರಾಜಕೀಯ ಪಕ್ಷ, ಕೊನೆಗೆ ತಂದೆ ತಾಯಿ. ಹಿರಿಯರು ಕುದುರಿಸುವ ಮದುವೆಯಿಲ್ಲದ ನಾಡಿನಲ್ಲಿ ಈ ದೃಶ್ಯಕ್ಕೆ ಅರ್ಥವೇ ಇರುವುದಿಲ್ಲ. ಇವತ್ತಿನ ಲಂಡನ್ನಿನ ಹುಡುಗ ಹುಡುಗಿಗೆ ಇದು ಮುತ್ತಜ್ಜಿಯ ಕಾಲದ ಸಂಗತಿ. ಅರಸೀಕೆರೆಯಲ್ಲಿ ಕಳೆದ ಭಾನುವಾರವೂ ಇದು ನಡೆದಿರುತ್ತದೆ.

ಈ ಪರೀಕ್ಷೆಯ ನಡುವೆ ಭೂಮಿಯ ಬಗ್ಗೆ ಒಂದು ಮಾತು ಬರುತ್ತದೆ. ವಿಮರ್ಶಕರು ಅದನ್ನು ಚಮತ್ಕಾರವೆಂದು ದಾಟಿಬಿಡುತ್ತಾರೆ. ನಿನ್ನ ವರಮಾನ ಭೂಮಿಯಿಂದಲೋ ಹೂಡಿಕೆಯಿಂದಲೋ ಎಂದು ಲೇಡಿ ಬ್ರ್ಯಾಕ್‌ನೆಲ್ ಕೇಳುತ್ತಾಳೆ. ಹೆಚ್ಚಿನದು ಹೂಡಿಕೆಯಿಂದ ಎಂದಾಗ ಅವಳಿಗೆ ಸಮಾಧಾನ. ಭೂಮಿ ಸ್ಥಾನಮಾನ ಕೊಡುತ್ತದೆ, ಆದರೆ ಆ ಸ್ಥಾನಮಾನವನ್ನು ಉಳಿಸಿಕೊಳ್ಳುವ ಹಣ ಕೊಡುವುದಿಲ್ಲ ಎಂಬುದು ಅವಳ ವಾದ. ಇದರ ಹಿಂದೆ ಒಂದು ಚರಿತ್ರೆಯಿದೆ. 1870ರ ದಶಕದಿಂದ ಅಮೆರಿಕದ ಅಗ್ಗದ ಧಾನ್ಯ ಹಡಗುಗಳಲ್ಲಿ ಬಂದು ಸುರಿಯತೊಡಗಿದಾಗ ಇಂಗ್ಲೆಂಡಿನ ಬೇಸಾಯ ನೆಲಕಚ್ಚಿತು, ಗೇಣಿ ಇಳಿಯಿತು, ಜಮೀನ್ದಾರ ಮನೆತನಗಳು ಹೆಸರಿಗಷ್ಟೇ ದೊಡ್ಡವಾದವು. ಜ್ಯಾಕ್‌ಗೆ ಹಳ್ಳಿಯಲ್ಲಿ ಸುಮಾರು 1,500 ಎಕರೆಯಿದೆ, ಅದರಿಂದ ಬರುವುದು ಏನೂ ಇಲ್ಲ. ಹೆಣ್ಣು ಹೆತ್ತ ತಾಯಿ ಇದನ್ನು ಅರ್ಥಶಾಸ್ತ್ರಜ್ಞರಷ್ಟೇ ಚೆನ್ನಾಗಿ ಬಲ್ಲಳು.

ಈಗ ಅರಸೀಕೆರೆಗೆ ಬನ್ನಿ. ತೆಂಗಿನ ತೋಟವಿದ್ದವನೇ ಗಂಡು ಎನ್ನುವ ಕಾಲವೊಂದಿತ್ತು. ಮರಗಳ ಎಣಿಕೆಯಲ್ಲೇ ಸಂಬಂಧದ ತೂಕ ನಿರ್ಧಾರವಾಗುತ್ತಿತ್ತು, ತಿಪಟೂರು-ಅರಸೀಕೆರೆಯ ಕೊಬ್ಬರಿ ಧಾರಣೆ ಮದುವೆಯ ಖರ್ಚನ್ನು ಗೊತ್ತುಮಾಡುತ್ತಿತ್ತು. ಆಮೇಲೆ ನುಸಿ ಪೀಡೆ ಬಂತು, ಬರದ ವರ್ಷಗಳು ಬಂದವು, ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತಿದವು. ತೋಟವಿದೆ, ಸುಳಿ ಒಣಗಿದೆ. ಕೊಬ್ಬರಿ ಇದೆ, ಬೆಂಬಲ ಬೆಲೆಗೆ ನಾಫೆಡ್ ಕೇಂದ್ರದ ಮುಂದೆ ಸಾಲು ನಿಲ್ಲಬೇಕು. ಹಳೇಬೀಡಿನ ಸುತ್ತ ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳ. ಶುಂಠಿಗೆ ಬೆಲೆ ಬಂದ ವರ್ಷ ಅವನು ಸಾಹುಕಾರ, ಕೊಳೆರೋಗ ಬಿದ್ದ ವರ್ಷ ಸಾಲಗಾರ. ಬೇಲೂರಿನಿಂದ ಪಶ್ಚಿಮಕ್ಕೆ ಸರಿದರೆ ಕಾಫಿ, ಮೆಣಸು. ಅಲ್ಲಿ ಇನ್ನೂ ಎಕರೆಗೆ ಮರ್ಯಾದೆ ಉಳಿದಿದೆ, ಆದರೆ ಆಳಿನ ಕೂಲಿ ಮತ್ತು ಆನೆಯ ಕಾಟ ಹೆಣ್ಣಿನ ಕಡೆಯವರಿಗೆ ಗೊತ್ತಿಲ್ಲದ್ದಲ್ಲ. ಒಂದು ಬಸ್ ಪ್ರಯಾಣದೊಳಗೆ ಭೂಮಿಯ ಬೆಲೆ ಮೂರು ಬಗೆಯಾಗುತ್ತದೆ, ಅದರಂತೆ ಗಂಡಿನ ಬೆಲೆಯೂ ಮೂರು ಬಗೆಯಾಗುತ್ತದೆ. ಮೂರೂ ಕಡೆ ಹೆಣ್ಣಿನ ತಾಯಿ ಇವತ್ತು ಕೇಳುವ ಕೊನೆಯ ಪ್ರಶ್ನೆ ಒಂದೇ: ತಿಂಗಳ ಸಂಬಳ ಬರುತ್ತದೆಯೇ?

ಆ ದೃಶ್ಯವನ್ನು ಅರಸೀಕೆರೆಯ ಕನ್ನಡದಲ್ಲಿ ಬರೆಯಲು ಕಷ್ಟಪಡಬೇಕಿಲ್ಲ.

“ತೋಟ ಎಷ್ಟಪ್ಪಾ?”

“ಆರ್ ಎಕ್ರೆ ತೆಂಗು, ಅಮ್ಮಾ.”

“ನೀರು?”

“ಎರಡು ಬೋರು. ಒಂದು ನಿಂತೋಗದೆ.”

“ಇನ್ನೊಂದು?”

“ಅರ್ಧ ಇಂಚು ಬತ್ತದೆ.”

“ಅದೂ ನಿಲ್ತದೆ ಬಿಡು. ಕೆಲ್ಸ?”

“ಬೆಂಗ್ಳೂರಲ್ಲಿ, ಕಂಪ್ನಿ.”

“ಪರ್ಮನೆಂಟೋ, ಕಾಂಟ್ರಾಕ್ಟೋ?”

“ಪರ್ಮನೆಂಟು.”

“ಬೆಂಗ್ಳೂರಲ್ಲಿ ಸ್ವಂತ ಸೈಟು ಐತಾ? ಯಾವ ಏರಿಯಾ?... ಆಗ್ಲಿ. ಅಪ್ಪ ಅಮ್ಮ ಏನ್ ಮಾಡ್ಕಂಡವ್ರೆ?”

“ಅದು ಗೊತ್ತಿಲ್ಲ ಅಮ್ಮಾ. ನಾನು ಅರ್ಸೀಕೆರೆ ಸ್ಟೇಷನ್ನಲ್ಲಿ ಸಿಕ್ಕಿದೋನು.”

ವೈಲ್ಡ್‌ನ ನಾಟಕದಲ್ಲಿ ಜ್ಯಾಕ್ ಹಸುಗೂಸಾಗಿ ಸಿಕ್ಕಿದ್ದು ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದ ಸಾಮಾನು ಕೋಣೆಯಲ್ಲಿ, ಒಂದು ಕೈಚೀಲದೊಳಗೆ. ಅವನನ್ನು ಎತ್ತಿಕೊಂಡ ಮುದುಕ ಥಾಮಸ್ ಕಾರ್ಡ್ಯೂನ ಜೇಬಿನಲ್ಲಿ ಆಗ ವರ್ದಿಂಗ್ ಊರಿಗೆ ಹೋಗುವ ಟಿಕೆಟ್ ಇತ್ತಾದ್ದರಿಂದ ಮಗುವಿಗೆ ಆ ಊರಿನ ಹೆಸರೇ ಮನೆತನದ ಹೆಸರಾಯಿತು. ಬೆಂಗಳೂರು, ಹುಬ್ಬಳ್ಳಿ, ಹಾಸನ-ಮೈಸೂರು ದಾರಿಗಳು ಕೂಡುವ ಅರಸೀಕೆರೆ ಜಂಕ್ಷನ್ನಿನಲ್ಲಿ ಇಂಥ ಮಗು ಸಿಕ್ಕಿತೆಂದರೆ ಯಾರೂ ನಂಬದೆ ಇರುವುದಿಲ್ಲ. ವರಮಾನ, ಮನೆ, ಎಲ್ಲದರಲ್ಲೂ ಪಾಸಾದ ಹುಡುಗ ಹುಟ್ಟಿನ ಪ್ರಶ್ನೆಯಲ್ಲಿ ಬಿದ್ದುಹೋಗುತ್ತಾನೆ. ಪ್ರೇಕ್ಷಕರು ಅಲ್ಲಿ ನಗುತ್ತಾರೆ. ಆದರೆ ಜಾತಿ ಗೊತ್ತಿಲ್ಲದ ಹುಡುಗನಿಗೆ ಹೆಣ್ಣು ಕೊಡುತ್ತೀರಾ ಎಂಬ ಪ್ರಶ್ನೆಯನ್ನು ನಮ್ಮ ಪ್ರೇಕ್ಷಕರ ಮುಖಕ್ಕೆ ಇಷ್ಟು ನೇರವಾಗಿ ಹಿಡಿಯುವ ದೃಶ್ಯ ನಮ್ಮ ಭಾಷಣಗಳಲ್ಲೂ ಇಲ್ಲ. ನಕ್ಕವರು ಮನೆಗೆ ಹೋಗಿ ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಹುಡುಗನನ್ನು ಪರೀಕ್ಷಿಸುವುದು ನಮ್ಮಲ್ಲಿಲ್ಲ, ಪರೀಕ್ಷೆಗೆ ಒಳಗಾಗುವವಳು ಹುಡುಗಿ ಎಂಬ ಆಕ್ಷೇಪ ಒಂದು ಕಾಲಕ್ಕೆ ನಿಜವಾಗಿತ್ತು. ನಡೆದು ತೋರಿಸು, ಹಾಡು ಹೇಳು, ಉಪ್ಪಿಟ್ಟು ನೀನೇ ಮಾಡಿದ್ದಾ ಎಂಬ ಅವಮಾನಗಳನ್ನು ನಮ್ಮ ತಾಯಂದಿರು, ಅಕ್ಕಂದಿರು ನುಂಗಿದ್ದಾರೆ, ಎಷ್ಟೋ ಮನೆಗಳಲ್ಲಿ ಇಂದಿಗೂ ನುಂಗುತ್ತಿದ್ದಾರೆ. ಆದರೆ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗಾಳಿ ತಿರುಗಿರುವುದನ್ನು ಕಾಣದವರು ಯಾರು? ಬೇಸಾಯ ಮಾಡುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. 2022ರಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹುಡುಗರು ಸಾವಿರಗಟ್ಟಲೆ ಬಂದರು, ಹುಡುಗಿಯರು ನೂರರ ಲೆಕ್ಕದಲ್ಲಿ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹುಟ್ಟುವ ಮೊದಲೇ ಹೆಣ್ಣುಮಗುವನ್ನು ಇಲ್ಲವಾಗಿಸಿದ ಪಾಪ, ಬೇಸಾಯದ ಸೋಲು, ಹೆಣ್ಣುಮಕ್ಕಳ ಓದು, ಮೂರೂ ಸೇರಿ ಹೆಣ್ಣಿನ ತಾಯಿಯ ಕೈಗೆ ಪೆನ್ಸಿಲ್ ಕೊಟ್ಟಿವೆ. ಲೇಡಿ ಬ್ರ್ಯಾಕ್‌ನೆಲ್‌ಗೂ ಇದೇ ಬಗೆಯ ಹಿನ್ನೆಲೆಯಿದೆ. ತಾನು ಮದುವೆಯಾದಾಗ ತನ್ನ ಬಳಿ ಏನೂ ಇರಲಿಲ್ಲ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಹಿಂದೆ ಅಳೆಸಿಕೊಂಡವಳು ಇಂದು ಅಳೆಯುತ್ತಿದ್ದಾಳೆ. ಅವಳನ್ನು ಬರೀ ದುಷ್ಟ ಮುದುಕಿ ಮಾಡಿ ಆಡುವ ನಟಿಯರು ಅಲ್ಲೇ ಸೋಲುತ್ತಾರೆ.

ಮದುವೆಯ ಲೆಕ್ಕಾಚಾರವನ್ನು ನಗೆಯಲ್ಲಿ ಕಟ್ಟುವುದು ಕನ್ನಡಕ್ಕೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ವೈಲ್ಡ್‌ನ ನಾಟಕಕ್ಕಿಂತ ಎಂಟು ವರ್ಷ ಮೊದಲೇ, 1887ರಲ್ಲಿ, ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬರೆದರು. ‘ಕನ್ಯಾವಿಕ್ರಯದ ಪರಿಣಾಮವು’ ಎಂಬುದು ಅದರ ಇನ್ನೊಂದು ಹೆಸರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಗುರುತಿಸಿಕೊಂಡ ಕೃತಿ ದುರಂತವಲ್ಲ, ಪೌರಾಣಿಕವಲ್ಲ, ಹಣ ಪಡೆದು ಹೆಣ್ಣು ಕೊಡುವವರನ್ನು ಹವ್ಯಕ ಕನ್ನಡದ ಮನೆಮಾತಿನಲ್ಲಿ ಬಯಲಿಗೆಳೆದ ಪ್ರಹಸನ. ಅದರಾಚೆ ಕೈಲಾಸಂ. ಭೂವಿಜ್ಞಾನ ಓದಲೆಂದು ಲಂಡನ್ನಿಗೆ ಹೋದವರು ಅಲ್ಲಿನ ರಂಗಮಂದಿರಗಳನ್ನು ಮನಸ್ಸಿನಲ್ಲಿ ತುಂಬಿಕೊಂಡು ಬಂದರು, ಬಂದ ಮೇಲೆ ಬರೆದದ್ದು ನಮ್ಮ ಮನೆಯ ಹಜಾರವನ್ನು. ‘ತಾಳಿ ಕಟ್ಟೋಕ್ಕೂಲೀನೇ?’ ಎಂದು ನಾಟಕದ ಹೆಸರಿನಲ್ಲೇ ವರದಕ್ಷಿಣೆಯನ್ನು ಕೂಲಿ ಎಂದು ಕರೆದ ಧೈರ್ಯ ಅವರದು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಕೈಲಾಸಂ ತೀರಿಕೊಂಡದ್ದೇ 1946ರಲ್ಲಿ.

ಅಂಥ ಕೈಲಾಸಂ ಅವರನ್ನು ನಾವೇನು ಮಾಡಿದೆವು? ‘ಪ್ರಹಸನ ಪಿತಾಮಹ’ ಎಂದು ಬಿರುದು ಕೊಟ್ಟು, ಅವರ ಮಾತಿನ ಮೋಡಿಯ ಕಥೆಗಳನ್ನು ಹೇಳಿಕೊಂಡು ನಕ್ಕು, ಗಂಭೀರ ರಂಗಭೂಮಿಯ ಪಂಕ್ತಿಯಿಂದ ಎಬ್ಬಿಸಿ ಕಳಿಸಿದೆವು. 1964ರ ‘ತುಘಲಕ್’ ಬಂದ ಮೇಲೆ ಕನ್ನಡದಲ್ಲಿ ನಾಟಕವೆಂದರೆ ರಾಜ್ಯ, ಚರಿತ್ರೆ, ಮಿಥಕ ಎಂಬ ನಂಬಿಕೆ ಗಟ್ಟಿಯಾಯಿತು. ಆ ನಾಟಕಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವುಗಳ ನೆರಳಿನಲ್ಲಿ ನಮ್ಮ ವಿಮರ್ಶೆ, ಹಜಾರದಲ್ಲಿ ನಡೆಯುವುದೆಲ್ಲ ಹಗುರ ಎಂಬ ತಪ್ಪು ಪಾಠವನ್ನು ಕಲಿತುಬಿಟ್ಟಿತು. ಒಂದು ಮನೆತನದ ಮೂರು ತಲೆಮಾರಿನ ಭೂಮಿ, ಸಾಲ, ಜಾತಿ ಎಲ್ಲವೂ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ನಿರ್ಧಾರವಾಗುವ ಜಾಗ ಅದು. ಅದು ಹಗುರವಾದರೆ ಈ ನಾಡಿನಲ್ಲಿ ಭಾರವಾದದ್ದು ಯಾವುದು?

ಇನ್ನು ‘ನಮಗೆ ಹೊಂದುವುದಿಲ್ಲ’ ಎಂಬ ವಾದ. ನಾಟಕದಲ್ಲಿ ನಿಜವಾಗಿಯೂ ಹೊಂದದ ಒಂದು ಸಂಗತಿಯಿದೆ, ಆದರೆ ಹೊಂದುವುದಿಲ್ಲ ಎನ್ನುವವರು ಅದನ್ನು ಹೇಳಿದ್ದನ್ನು ನಾನು ಕೇಳಿಲ್ಲ. ಕೊನೆಯಲ್ಲಿ ಜ್ಯಾಕ್‌ನ ಹುಟ್ಟಿನ ಗುಟ್ಟು ಒಡೆಯುತ್ತದೆ: ಅವನು ಲೇಡಿ ಬ್ರ್ಯಾಕ್‌ನೆಲ್‌ಳ ಸ್ವಂತ ತಂಗಿಯೋ ಅಕ್ಕನೋ ಆದ ಮಿಸೆಸ್ ಮಾಂಕ್ರೀಫ್‌ಳ ಮಗ. ಅಂದರೆ ಅವನೂ ಗ್ವೆಂಡೊಲೆನ್ನಳೂ ಅಕ್ಕತಂಗಿಯರ ಮಕ್ಕಳು. ಇಂಗ್ಲಿಷರಿಗೆ ಇದು ಸುಖಾಂತ್ಯ. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಅಣ್ಣ-ತಂಗಿ. ಆ ಕ್ಷಣದಲ್ಲಿ ಮದುವೆ ಮುರಿದುಬೀಳಬೇಕು, ಪ್ರೇಕ್ಷಕರು ಗಾಬರಿಯಾಗಿ ಎದ್ದು ನಿಲ್ಲಬೇಕು.

ಆದರೆ ಒಂದೇ ಒಂದು ನಂಟನ್ನು ಬದಲಿಸಿ. ಹುಡುಗ ಅವಳ ಅಕ್ಕನ ಮಗನಲ್ಲ, ಅಣ್ಣನ ಮಗ ಎನ್ನಿ. ಆಗ ಅವಳು ಅವನ ಸೋದರತ್ತೆ, ಹುಡುಗಿ ಅತ್ತೆ ಮಗಳು. ಬೆಡಗು ಬೇರೆ, ಸಂಬಂಧ ಕೂಡುತ್ತದೆ. ಕೂಡುವುದಷ್ಟೇ ಅಲ್ಲ, ಹಳೆಯ ರೂಢಿಯಲ್ಲಿ ಆ ಹುಡುಗಿಯ ಮೇಲೆ ಮೊದಲ ಹಕ್ಕು ಅವನದೇ. ಅಣ್ಣನ ಮಗನಿದ್ದೂ ಹೊರಗೆ ಹೆಣ್ಣು ಕೊಟ್ಟರೆ ತವರಿನವರು ಮದುವೆಗೇ ಬಾರದೆ ಮುನಿಸಿಕೊಂಡ ಕಥೆಗಳು ಹಾಸನ ಸೀಮೆಯಲ್ಲಿ ಎಷ್ಟು ಬೇಕು! ಈಗ ನಾಟಕ ಏನಾಯಿತು ನೋಡಿ. ಕುಲವಿಲ್ಲದವನೆಂದು ಬಾಗಿಲಿನಿಂದ ಹೊರಗೆ ಕಳಿಸಿದ ಹುಡುಗನೇ ಅವಳ ತವರಿನ ಕುಡಿ, ಅವನ ಹಕ್ಕನ್ನೇ ಅವಳು ತಡೆದು ನಿಂತಿದ್ದಳು. ಇಂಗ್ಲಿಷಿನಲ್ಲಿ ಈ ಬಿಡುಗಡೆ ಒಂದು ಆಕಸ್ಮಿಕ ಮಾತ್ರ. ಕನ್ನಡದಲ್ಲಿ ಅದು ಅವಳ ಅಳತೆಗೋಲಿನಿಂದಲೇ ಅವಳಿಗೆ ಬೀಳುವ ಪೆಟ್ಟು. ಹತ್ತಿರದ ರಕ್ತಸಂಬಂಧದ ಮದುವೆ ಬೇಡವೆಂದು ವೈದ್ಯರು ಹೇಳುತ್ತಾರೆ, ಆ ರೂಢಿ ಕಡಿಮೆಯಾಗುತ್ತಿದೆ, ಅದು ಒಳ್ಳೆಯದೇ. ಆದರೆ ಆ ಹಕ್ಕಿನ ನೆನಪು ಇನ್ನೂ ಎಲ್ಲ ಮನೆಗಳಲ್ಲಿ ಜೀವಂತವಾಗಿದೆ, ನಾಟಕಕ್ಕೆ ಬೇಕಾದದ್ದು ಅಷ್ಟೇ. ಈ ಒಂದು ತಿದ್ದುಪಡಿಯಿಂದ ವೈಲ್ಡ್‌ನ ನಾಟಕ ಕನ್ನಡದಲ್ಲಿ ಮೂಲಕ್ಕಿಂತ ಬಲವಾಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಹೆಸರಿನ ವಿಷಯವೂ ಹೀಗೆಯೇ. ಗ್ವೆಂಡೊಲೆನ್, ಜ್ಯಾಕ್‌ನ ಪೋಷಣೆಯಲ್ಲಿರುವ ಸಿಸಿಲಿ ಇಬ್ಬರೂ ಅರ್ನೆಸ್ಟ್ ಎಂಬ ಒಂದೇ ಒಂದು ಹೆಸರಿನವನನ್ನೇ ಮದುವೆಯಾಗುವ ಪಣ ತೊಟ್ಟಿದ್ದಾರೆ, ಜ್ಯಾಕ್ ಮತ್ತು ಲೇಡಿ ಬ್ರ್ಯಾಕ್‌ನೆಲ್‌ಳ ಸೋದರಳಿಯ ಆಲ್ಜರ್ನನ್ ಇಬ್ಬರೂ ಆ ಹೆಸರು ತಮ್ಮದೆಂದು ಸುಳ್ಳು ಹೇಳಿದ್ದಾರೆ, ಸುಳ್ಳು ನಿಜವಾಗಲೆಂದು ಪಾದ್ರಿಯಿಂದ ಹೊಸದಾಗಿ ನಾಮಕರಣ ಮಾಡಿಸಿಕೊಳ್ಳಲು ಓಡುತ್ತಾರೆ. ಇದು ನಂಬಲಾಗದ ಹುಚ್ಚಾಟ ಎಂದು ನಮ್ಮ ಪ್ರಾಧ್ಯಾಪಕರು ಬರೆಯುತ್ತಾರೆ. ಹೆಸರುಬಲ ನೋಡಿಸಿ ಸಂಬಂಧ ಬಿಡುವವರನ್ನು ಇವರು ಕಂಡಿಲ್ಲವೇ? ಹುಟ್ಟಿದ ಗಳಿಗೆ ಬರೆದಿಟ್ಟಿಲ್ಲದ ಮನೆಗಳಲ್ಲಿ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ಹಿಡಿಯುತ್ತಾರೆ, ಕೂಡದಿದ್ದರೆ ‘ಮನೇಲಿ ಕರೆಯೋ ಹೆಸರು ಬೇರೆ ಐತೆ’ ಎಂದು ಇನ್ನೊಂದು ಹೆಸರು ಮುಂದಿಡುತ್ತಾರೆ, ಕೂಡಿಬರುವಂತೆ ಜಾತಕ ಬರೆಸುತ್ತಾರೆ. ವಿಕ್ಟೋರಿಯಾ ಕಾಲದ ಹುಡುಗಿಯರ ಹಟಕ್ಕಿಂತ ಇದು ಹೆಚ್ಚು ವಿವೇಕದ್ದೇನಲ್ಲ. ನಮ್ಮ ಪ್ರೇಕ್ಷಕನಿಗೆ ಈ ಕಥೆಯಲ್ಲಿ ವಿವರಿಸಬೇಕಾದದ್ದು ಏನೂ ಇಲ್ಲ.

ಸಿಸಿಲಿಯನ್ನು ನೋಡಿ. ಹಳ್ಳಿಯ ಮನೆಯಲ್ಲಿ ಪೋಷಕನ ಕಾವಲಿನಲ್ಲಿ ಬೆಳೆದ ಹದಿನೆಂಟರ ಹುಡುಗಿ. ನೋಡಿಯೇ ಇರದ ಹುಡುಗನ ಜೊತೆ ತನ್ನ ನಿಶ್ಚಿತಾರ್ಥ, ಉಂಗುರ, ಕಾಗದಗಳು, ಜಗಳ, ರಾಜಿ ಎಲ್ಲವನ್ನೂ ದಿನಚರಿಯಲ್ಲಿ ತಾನೇ ಬರೆದಿಟ್ಟುಕೊಂಡಿದ್ದಾಳೆ. ಹೊರಗೆ ಹೋಗಲು ಬಿಡದ ಮನೆಯಲ್ಲಿ ಪ್ರಣಯ ನಡೆಯುವುದು ಹಾಗೆಯೇ, ನೋಟ್‌ಬುಕ್ಕಿನಲ್ಲಿ, ಇಂದು ಮೊಬೈಲಿನಲ್ಲಿ. ಅವಳ ಬಳಿ 1,30,000 ಪೌಂಡ್ ಇದೆಯೆಂದು ತಿಳಿದ ಕ್ಷಣ ಲೇಡಿ ಬ್ರ್ಯಾಕ್‌ನೆಲ್‌ಗೆ ಆ ಹುಡುಗಿಯ ಮುಖಲಕ್ಷಣ ಚೆಂದ ಕಾಣತೊಡಗುತ್ತದೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ಆಸ್ತಿಯ ಮೇಲೆ ತನ್ನದೇ ಹಕ್ಕು ಕೊಟ್ಟ ಕಾಯ್ದೆ ಬಂದದ್ದು 1882ರಲ್ಲಿ, ನಾಟಕಕ್ಕೆ ಹದಿಮೂರು ವರ್ಷ ಮೊದಲು. ನಮ್ಮಲ್ಲಿ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಕರ್ನಾಟಕ ಅದಕ್ಕೂ ಮೊದಲೇ 1990ರ ದಶಕದಲ್ಲಿ ಆ ಹೆಜ್ಜೆ ಇಟ್ಟಿತ್ತು. ಅಂದಿನಿಂದ ಮದುವೆಯ ತಾರೀಖು ಗೊತ್ತಾಗುವ ಮೊದಲೇ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಅಣ್ಣಂದಿರು, ಆ ಪಾಲಿನ ಮೇಲೆಯೇ ಕಣ್ಣಿಟ್ಟು ಬರುವ ಬೀಗರು ಇಬ್ಬರೂ ಇದ್ದಾರೆ. ಜ್ಯಾಕ್ ಮಾಡುವುದೂ ಅಂಥದೇ ಚೌಕಾಸಿ. ನಿಮ್ಮ ಮಗಳನ್ನು ನನಗೆ ಕೊಟ್ಟರೆ ಮಾತ್ರ ನನ್ನ ಪೋಷಣೆಯಲ್ಲಿರುವ ಹುಡುಗಿಯನ್ನು ನಿಮ್ಮ ಸೋದರಳಿಯನಿಗೆ ಕೊಡುತ್ತೇನೆ ಎನ್ನುತ್ತಾನೆ, ಅಂದರೆ ಕೊಟ್ಟು ತರುವ ಸಂಬಂಧ. ಮೇಲಿನ ತಿದ್ದುಪಡಿಯಿಂದ ಸೋದರಳಿಯ ಎಂಬ ನಂಟೂ ಸರಿಯಾಗಿ ಹೊಂದುತ್ತದೆ.

ಊರಿನಲ್ಲೊಂದು ಹೆಸರು, ಪಟ್ಟಣದಲ್ಲೊಂದು ಹೆಸರು ಇಟ್ಟುಕೊಂಡು ಬದುಕುವ ಜ್ಯಾಕ್, ಇಲ್ಲದ ರೋಗಿಷ್ಟ ಗೆಳೆಯನ ನೆಪ ಹೇಳಿ ಊರು ಬಿಡುವ ಆಲ್ಜರ್ನನ್, ಇವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೇಬೀಡು, ಜಾವಗಲ್, ಬಾಣಾವರಗಳಿಂದ ಬೆಂಗಳೂರಿಗೆ ಹೋಗಿ ಏನೇನೋ ಕೆಲಸ ಮಾಡುತ್ತ ಊರಿನಲ್ಲಿ ‘ಕಂಪನಿ’ ಎಂದು ಹೇಳುವ ಹುಡುಗರ ಎರಡು ಬಾಳನ್ನು ನಾವು ಬಲ್ಲೆವು. ಅವರ ಸುಳ್ಳು ಮೋಸವಲ್ಲ. ಮೇಲೆ ಹೇಳಿದ ಪರೀಕ್ಷೆ ಅವರಿಂದ ಆ ಸುಳ್ಳನ್ನು ಹೇಳಿಸುತ್ತದೆ.

ಒಳಗೆ ಹುರುಳಿಲ್ಲ ಎಂಬ ಆಕ್ಷೇಪ ನಾಟಕದಷ್ಟೇ ಹಳೆಯದು. ವಿಲಿಯಂ ಆರ್ಚರ್ ಎಂಬ ದೊಡ್ಡ ವಿಮರ್ಶಕ ಮೊದಲ ವಾರದಲ್ಲೇ ಅದು ಯಾವುದನ್ನೂ ಪ್ರತಿನಿಧಿಸುವುದಿಲ್ಲ ಎಂದ. ಬರ್ನಾರ್ಡ್ ಶಾ ನಕ್ಕೆ, ಆದರೆ ಮನ ಮುಟ್ಟಲಿಲ್ಲ ಎಂದು ಬರೆದ. ಇಬ್ಬರ ಮಾತನ್ನೂ ನಮ್ಮ ಪಠ್ಯಗಳು ಈವರೆಗೆ ಒಪ್ಪಿಸುತ್ತಿವೆ. ಶಾ ತಪ್ಪಿದ. ಆ ಪ್ರೇಕ್ಷಾಗೃಹದಲ್ಲಿ ಕೂತವರು ತಮ್ಮ ಹೆಣ್ಣುಮಕ್ಕಳ ಮದುವೆಯ ಹಂಗಾಮಿನಿಂದ ನೇರ ಬಂದವರು. ವೈಲ್ಡ್ ಅವರದೇ ಲೆಕ್ಕದ ಪುಸ್ತಕವನ್ನು ಅವರ ಮುಂದೆ ಓದಿದ. ಅದೇ ಸಮಾಜ ಎರಡು ತಿಂಗಳು ತುಂಬುವುದರೊಳಗೆ ಅವನ ಮೇಲೆ ಎರಗಿತು. ಏಪ್ರಿಲ್ 5ರಂದು ಬಂಧನ, ಭಿತ್ತಿಪತ್ರಗಳಿಂದ ಅವನ ಹೆಸರು ಮಾಯ, ಮೇ 25ರಂದು ಎರಡು ವರ್ಷದ ಕಠಿಣ ಶಿಕ್ಷೆ, ಗಂಡಸರನ್ನು ಪ್ರೀತಿಸಿದ್ದಕ್ಕೆ. 1899ರಲ್ಲಿ ನಾಟಕ ಪುಸ್ತಕವಾಗಿ ಬಂದಾಗಲೂ ಅದರ ಮೇಲೆ ಅವನ ಹೆಸರಿರಲಿಲ್ಲ, ಇನ್ನೊಂದು ನಾಟಕದ ಕರ್ತೃ ಎಂದಷ್ಟೇ ಇತ್ತು. ಯಾರನ್ನು ಯಾರು ಮದುವೆಯಾಗಬಹುದು, ಯಾರು ಯಾವ ಸುಳ್ಳಿನ ಹಿಂದೆ ಬದುಕಬೇಕು ಎಂಬುದನ್ನು ಈ ಮನುಷ್ಯ ಹಗುರವಾಗಿ ತೆಗೆದುಕೊಂಡಿದ್ದನೆಂದು ಹೇಳುವುದು ಕ್ರೂರ. ಇನ್ನೊಂದು ಮಾತು: ಗೋಲ್ಡ್‌ಸ್ಮಿತ್, ಶೆರಿಡನ್, ವೈಲ್ಡ್, ಕೊನೆಗೆ ಅವನನ್ನು ಟೀಕಿಸಿದ ಶಾ ಕೂಡ ಐರ್ಲೆಂಡಿನವರು. ಆಳುವವರ ಹಜಾರವನ್ನು ಆಳಿಸಿಕೊಂಡವರು ನೋಡಿದ ನೋಟ ಇವು. ಇವನ್ನು ‘ಬ್ರಿಟಿಷರ ಸರಕು’ ಎಂದು ದೂರವಿಡುವುದರಲ್ಲಿ ಯಾವ ಸ್ವಾಭಿಮಾನವೂ ಇಲ್ಲ.

ಹೆಣ್ಣುಮಕ್ಕಳು ಸಾಯುತ್ತಿರುವಾಗ ನಗುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ನಮ್ಮ ಹಳ್ಳಿಯ ಹೆಂಗಸರು ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಮದುವೆ ಮನೆಯಲ್ಲಿ, ಗಂಡಿನ ಕಡೆಯವರು ಎದುರಿಗೇ ಕೂತಿರುವಾಗ, ಬೀಗರ ಹಾಡು ಹೇಳಿ ಅವರ ಜಿಪುಣತನ, ಜಂಬ, ಹೊಟ್ಟೆಬಾಕತನಗಳನ್ನು ಸಾಲಾಗಿ ಬಿಡಿಸಿಟ್ಟವರು ಅವರು. ನಾಳೆ ಆ ಮನೆಗೆ ಹೋಗಿ ಬಾಳಬೇಕಾದವಳು ತಮ್ಮ ಮಗಳು ಎಂದು ಗೊತ್ತಿದ್ದೇ ಹಾಡಿದರು. ಅಳುವುದನ್ನು ಯಾರಾದರೂ ಸಹಿಸುತ್ತಾರೆ. ಹೆಣ್ಣಿನ ಕಡೆಯವರ ಕಣ್ಣೀರನ್ನು ಬೀಗರು ತಲೆಮಾರುಗಳಿಂದ ಸಹಿಸಿದ್ದಾರೆ. ಹತ್ತು ಜನರ ಮುಂದೆ ನಗೆಗೀಡಾಗುವುದನ್ನು ಸಹಿಸುವುದಿಲ್ಲ. ವರದಕ್ಷಿಣೆಯ ಮೇಲೆ ನಾವು ಆಡಿರುವ ಕಣ್ಣೀರಿನ ಬೀದಿನಾಟಕಗಳಲ್ಲಿ ಸತ್ತವಳಿಗಾಗಿ ಎಲ್ಲರೂ ಮರುಗುತ್ತಾರೆ, ವರದಕ್ಷಿಣೆ ಕೇಳುವ ಮನುಷ್ಯ ಮಾತ್ರ ತನ್ನನ್ನು ಆ ಖಳನಲ್ಲಿ ಕಾಣುವುದಿಲ್ಲ. ಸಭ್ಯವಾಗಿ, ನಗುನಗುತ್ತ, ಕಾಫಿ ಕುಡಿಯುತ್ತ ಬೆಲೆ ಕಟ್ಟುವವಳಲ್ಲಿ ಅವನಿಗೆ ತನ್ನ ಮನೆಯವರು ಕಾಣುತ್ತಾರೆ.

ಹೊಯ್ಸಳರ ನಾಡಿಗೆ ಇದು ತಕ್ಕದ್ದಲ್ಲ ಎನ್ನುವ ಅಭಿಮಾನಿಗಳೂ ಇದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಆ ಸೀಮೆಯಲ್ಲಿ ನಡೆಯುವುದೆಲ್ಲ ಶಿಲಾಬಾಲಿಕೆಯರ ಘನತೆಗೆ ಹೊಂದಬೇಕೆಂಬ ಆಸೆ ಹುಟ್ಟಿದೆ. ದೋರಸಮುದ್ರದ ಅರಮನೆಯಲ್ಲಿ ಕರಣಿಕನಾಗಿದ್ದನೆಂದು ಹೇಳುವ ಹರಿಹರ ಬರೆದ ‘ಗಿರಿಜಾಕಲ್ಯಾಣ’ ಯಾವುದರ ಕಥೆ? ಹೆಣ್ಣೊಬ್ಬಳು ತಾನೇ ಆರಿಸಿದ ಗಂಡನ್ನು, ಮನೆಮಠ ಕುಲಗೋತ್ರ ಹೇಳಲಾಗದ ಸ್ಮಶಾನವಾಸಿಯನ್ನು, ಹಟ ಹಿಡಿದು ಮದುವೆಯಾದ ಕಥೆ. ಈ ನೆಲದ ಕಾವ್ಯಕ್ಕೆ ಲೇಡಿ ಬ್ರ್ಯಾಕ್‌ನೆಲ್‌ಳ ಪ್ರಶ್ನೆಗಳು ಹೊಸವಲ್ಲ.

ಅರಸೀಕೆರೆ, ಬೇಲೂರಿನ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ ಬಂತೆಂದರೆ ಇವತ್ತಿಗೂ ‘ಕುರುಕ್ಷೇತ್ರ’ ಏಳುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ರೈತರು ಕೈಯಿಂದ ದುಡ್ಡು ಹಾಕಿ ದುರ್ಯೋಧನ, ಭೀಮ, ಕೃಷ್ಣನ ಪಾತ್ರ ಕಟ್ಟುತ್ತಾರೆ, ಬೆಳಗಿನ ಜಾವದವರೆಗೆ ಊರು ಕೂತು ನೋಡುತ್ತದೆ. ಇದೇ ರೈಲು ದಾರಿಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿ ‘ಸದಾರಮೆ’ಯಲ್ಲಿ ಕಳ್ಳನ ಪಾತ್ರಕ್ಕೆ ವೀರಣ್ಣನವರನ್ನು ಕೊಟ್ಟು ಇಡೀ ನಾಡನ್ನು ನಗಿಸಿತ್ತು. ಇಂಥ ರಂಗಪ್ರೀತಿ ಇರುವ ಜನಕ್ಕೆ ಹಜಾರದ ನಾಟಕ ಅರ್ಥವಾಗದು ಎನ್ನುವುದು ಅವರನ್ನು ಕೀಳಾಗಿ ಕಾಣುವುದು. ಅರ್ಥವಾಗದೆ ಉಳಿದಿರುವುದು ಅವರಿಗೆ ಅದನ್ನು ಯಾರೂ ಅವರ ಮಾತಿನಲ್ಲಿ ಕೊಡದೆ ಇರುವುದರಿಂದ.

ಹಾಸನ ಜಿಲ್ಲೆಯ ಕಾಲೇಜುಗಳ ಕನ್ನಡ ಮೇಷ್ಟ್ರುಗಳಲ್ಲಿ, ಹವ್ಯಾಸಿ ತಂಡಗಳಲ್ಲಿ, ಕುರುಕ್ಷೇತ್ರ ಕಟ್ಟುವ ಅದೇ ಊರ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಮೂರು ಅಂಕ, ಒಂಬತ್ತು ಪಾತ್ರ, ಎರಡು ಮನೆ ಮತ್ತು ಒಂದು ಹಿತ್ತಿಲ ಸೀನು. ವೈಲ್ಡ್ 1900ರಲ್ಲೇ ತೀರಿಕೊಂಡಿರುವುದರಿಂದ ಯಾರ ಅನುಮತಿಯೂ ಬೇಡ, ಯಾರಿಗೂ ಗೌರವಧನ ಕೊಡಬೇಕಿಲ್ಲ. ಪುಸ್ತಕದ ಕನ್ನಡಕ್ಕೆ ಅನುವಾದಿಸಬೇಡಿ. ನಿಮ್ಮ ಬೀದಿಯಲ್ಲಿ ಹೆಣ್ಣು ಕೇಳಲು ಬಂದವರು ಆಡಿದ ಮಾತುಗಳನ್ನೇ ಬರೆದುಕೊಂಡು ಪಾತ್ರಗಳ ಬಾಯಿಗೆ ಕೊಡಿ. ಅಕ್ಕನ ಮಗನನ್ನು ಅಣ್ಣನ ಮಗ ಮಾಡುವುದನ್ನು ಮಾತ್ರ ಮರೆಯಬೇಡಿ.